ಹೃದಯದ ಶಸ್ತ್ರಚಿಕಿತ್ಸೆಯೂ ಚರ್ಮರೋಗಗಳೂ

ದೇಹದ ಅಂಗಗಳಲ್ಲಿ ಹೃದಯವು ಅತ್ಯಂತ ಒಳಗೆ ಕಾಪಿಡಲ್ಪಟ್ಟಿರುವುದು. ಚರ್ಮವಾದರೋ ಎಲ್ಲಕ್ಕೂ ಹೊರಗಿನದು. ಒಂದನ್ನು ಪ್ರಾಣದ ನೆಲೆಯೆಂದೂ ಇನ್ನೊಂದನ್ನು ಬರಿಯ ಹೊದಿಕೆಯೆಂದೂ ಎಣಿಸುವುದು ಲೋಕರೂಢಿ. ಆದಕಾರಣ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಯ ಚೇತರಿಕೆಯು ಆತನ ಚರ್ಮದ ಸ್ಥಿತಿಯನ್ನು ಅವಲಂಬಿಸಿರಬಹುದೆಂಬ ಮಾತು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುವುದು ಸಹಜ. ಆದರೆ ಹೃದಯವನ್ನು ಮುಟ್ಟಬೇಕಾದ ಶಸ್ತ್ರವೈದ್ಯನಿಗೆ ಚರ್ಮವನ್ನು ದಾಟದೆ ಬೇರೆ ದಾರಿಯಿಲ್ಲ. ಒಳಹೊಕ್ಕು ಕೆಲಸ ಮುಗಿಸಿದ ತರುವಾಯ ಆತನು ಮುಚ್ಚಿ ಬರಬೇಕಾದ ಬಾಗಿಲೂ ಅದೇ. ಬಾಗಿಲು ಗಟ್ಟಿಯಾಗಿದ್ದರೆ ಒಳಗಿನ ಕೆಲಸವು ಉಳಿಯುವುದು. ಅದು ಮೊದಲೇ ಶಿಥಿಲವಾಗಿದ್ದರೆ ಎಷ್ಟು ನಿಪುಣವಾದ ಕೈಗೆಲಸವೂ ವ್ಯರ್ಥವಾಗುವ ಸಂಭವವುಂಟು.

ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ಈ ಎರಡು ಅಂಗಗಳಿಗೂ ತಕ್ಕ ಗೌರವವನ್ನು ಕೊಟ್ಟಿತ್ತು. ಸುಶ್ರುತನು ಹೃದಯವನ್ನು ಸದ್ಯಃಪ್ರಾಣಹರವಾದ ಮರ್ಮಗಳಲ್ಲಿ ಸೇರಿಸಿ, ಚರ್ಮಕ್ಕೆ ಏಳು ಪದರಗಳನ್ನು ಹೇಳಿದನು. ಚರಕನು ಆರನ್ನು ಎಣಿಸಿದನು. ಕುಷ್ಠವೆಂಬ ಒಂದೇ ಹೆಸರಿನ ಕೆಳಗೆ ಏಳು ಮಹಾಕುಷ್ಠಗಳೂ ಹನ್ನೊಂದು ಕ್ಷುದ್ರಕುಷ್ಠಗಳೂ, ಅಂತು ಹದಿನೆಂಟು ಬಗೆಯ ಚರ್ಮವಿಕಾರಗಳು ಪರಿಗಣಿತವಾದುವು. ಇಂದು ಕುಷ್ಠವೆಂದರೆ ಒಂದೇ ರೋಗವು ನೆನಪಿಗೆ ಬರುವುದಾದರೂ ಹಳೆಯ ಗ್ರಂಥಗಳಲ್ಲಿ ಆ ಪದದ ವ್ಯಾಪ್ತಿಯು ಬಹು ವಿಶಾಲವಾದುದು. ಕನ್ನಡದ ಜನರೂ ಇಸಬು, ಕಜ್ಜಿ, ತುರಿ, ಹುರುಕು, ಸಿಬ್ಬು, ತೊನ್ನು, ಗಜಕರ್ಣ, ಸರ್ಪಸುತ್ತು ಎಂದು ಇವುಗಳನ್ನು ಬೇರೆಬೇರೆಯಾಗಿಯೇ ಗುರುತಿಸುತ್ತ ಬಂದಿರುವರು. ಆದರೆ ಹೃದಯವನ್ನು ತೆರೆದು ಸರಿಪಡಿಸಿ ಮತ್ತೆ ಮುಚ್ಚುವ ವಿದ್ಯೆಯು ತೀರ ಈಚಿನದು. ಅದರಿಂದ ಈ ಎರಡು ಅಂಗಗಳ ನಡುವಣ ಈ ಬಗೆಯ ಸಂಬಂಧವು ಗೋಚರವಾದುದೂ ಈಚೆಗೇ.

ಶಸ್ತ್ರಕ್ರಿಯೆಯ ಸ್ವರೂಪ

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಲೂಡ್ವಿಗ್ ರೇನ್ ಎಂಬ ಶಸ್ತ್ರವೈದ್ಯನು ೧೮೯೬ರಲ್ಲಿ ಇರಿತದಿಂದ ಗಾಯಗೊಂಡ ಹೃದಯಕ್ಕೆ ಹೊಲಿಗೆ ಹಾಕಿ ರೋಗಿಯನ್ನು ಬದುಕಿಸಿದುದು ಈ ವಿದ್ಯೆಯ ಮೊದಲ ಹೆಜ್ಜೆ. ಹೃದಯದ ಬಡಿತವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಯಿಸಿ, ಒಳಗಿನ ದೋಷವನ್ನು ಕಣ್ಣಾರೆ ಕಂಡು ಸರಿಪಡಿಸುವುದು ೧೯೫೩ರ ಮೇ ೬ರಂದು ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನನ ಕೈಯಲ್ಲಿ ಸಾಧ್ಯವಾಯಿತು. ೧೯೬೦ರಲ್ಲಿ ಆಲ್ಬರ್ಟ್ ಸ್ಟಾರ್ ಎಂಬವನು ಕೃತಕ ಕವಾಟವನ್ನು ಹೃದಯದಲ್ಲಿ ನೆಲೆಗೊಳಿಸಿದನು. ೧೯೬೭ರಲ್ಲಿ ರೆನೆ ಫಾವಲೋರೊ ಎಂಬವನು ಕ್ಲೀವ್‌ಲೆಂಡಿನಲ್ಲಿ ಕಾಲಿನ ಸಿರೆಯನ್ನು ತೆಗೆದು, ಮುಚ್ಚಿಹೋದ ಹೃದಯಧಮನಿಗೆ ಬಳಸುದಾರಿಯಾಗಿ ಜೋಡಿಸುವ ಕ್ರಮವನ್ನು ಬಳಕೆಗೆ ತಂದನು. ಇಂದು ಬೈಪಾಸ್ ಎಂದು ಎಲ್ಲರ ಬಾಯಲ್ಲಿಯೂ ಇರುವ ಚಿಕಿತ್ಸೆಯು ಇದೇ.

ಈ ಶಸ್ತ್ರಕ್ರಿಯೆಯಲ್ಲಿ ಚರ್ಮಕ್ಕೆ ಬೀಳುವ ಪೆಟ್ಟುಗಳನ್ನು ಎಣಿಸಿನೋಡಬೇಕು. ಎದೆಯ ನಡುವೆ ಕತ್ತಿನ ಬುಡದಿಂದ ಹೊಟ್ಟೆಯ ಮೇಲುಭಾಗದವರೆಗೆ ಚರ್ಮವನ್ನು ಸೀಳುವರು. ಕೆಳಗಿನ ಎದೆಯೆಲುಬನ್ನು ಉದ್ದಕ್ಕೂ ಗರಗಸದಿಂದ ಕೊಯ್ದು ಎರಡು ಹೋಳಾಗಿ ಅಗಲಿಸುವರು. ಕೆಲಸ ಮುಗಿದ ಮೇಲೆ ಎಲುಬನ್ನು ಉಕ್ಕಿನ ತಂತಿಯಿಂದ ಬಿಗಿದು ಚರ್ಮವನ್ನು ಹೊಲಿಯುವರು. ಸಿರೆಯನ್ನು ತೆಗೆದ ಕಾಲಿನಲ್ಲಿ ಇನ್ನೊಂದು ಗಾಯ. ಕತ್ತಿನ ಸಿರೆಯಲ್ಲಿ ಒಂದು ನಾಳ, ಮಣಿಕಟ್ಟಿನ ಧಮನಿಯಲ್ಲಿ ಮತ್ತೊಂದು. ಎದೆಯೊಳಗೆ ಕೂಡುವ ರಕ್ತವನ್ನು ಹೊರಕ್ಕೆ ಬಿಡಲು ದಪ್ಪನೆಯ ಕೊಳವೆಗಳು. ಹೃದಯದ ಗತಿಯನ್ನು ಹತೋಟಿಯಲ್ಲಿಡಲು ಸಣ್ಣ ತಂತಿಗಳು. ಇವೆಲ್ಲವನ್ನೂ ಸ್ವಸ್ಥಾನದಲ್ಲಿ ನಿಲ್ಲಿಸಲು ಅಂಟುಪಟ್ಟಿಗಳು. ಹೊರಗಿನ ಗಾಯವು ಎರಡು ವಾರಗಳಲ್ಲಿ ಕೂಡಿಕೊಳ್ಳುವುದು. ಎಲುಬು ಬೆಸೆಯುವುದಕ್ಕೆ ಆರರಿಂದ ಎಂಟು ವಾರಗಳು ಬೇಕು. ಈ ಅವಧಿಯಲ್ಲೆಲ್ಲ ಎದೆಯ ಒಳಗಿಗೂ ಹೊರಲೋಕಕ್ಕೂ ನಡುವೆ ಇರುವ ಕಾವಲು ಎಂದರೆ ಆಗತಾನೆ ಹೊಲಿದ ಚರ್ಮವೊಂದೇ.

ಚರ್ಮದ ಕಾರ್ಯಗಳು

ಬೆಳೆದ ಮನುಷ್ಯನ ಚರ್ಮವನ್ನು ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರುಗಳಷ್ಟಾಗುವುದು. ಅದರ ಹೊರಪದರದ ಬುಡದಲ್ಲಿ ಹುಟ್ಟುವ ಜೀವಕೋಶಗಳು ಕ್ರಮವಾಗಿ ಮೇಲಕ್ಕೆ ಸರಿದು, ಗಡುಸಾಗಿ, ಒಂದು ತಿಂಗಳಿನ ಸುಮಾರಿಗೆ ಹೊಟ್ಟಾಗಿ ಉದುರುವುವು. ಗಡುಸಾದ ಈ ಮೇಲ್ಪದರವು ನೀರನ್ನು ಒಳಗೆ ಹಿಡಿದಿಡುವುದು, ಸೂಕ್ಷ್ಮಜೀವಿಗಳನ್ನು ಹೊರಗೆ ತಡೆಯುವುದು. ಒಳಪದರದ ರಕ್ತನಾಳಗಳು ಹಿಗ್ಗಿಯೂ ಕುಗ್ಗಿಯೂ ದೇಹದ ಶಾಖವನ್ನು ಸಮವಾಗಿರಿಸುವುವು. ಹೀಗೆ ಚರ್ಮವು ಕೋಟೆಯೂ ಹೌದು, ನೀರಿನ ಕಟ್ಟೆಯೂ ಹೌದು, ಶಾಖದ ನಿಯಾಮಕವೂ ಹೌದು. ತೀವ್ರವಾದ ಚರ್ಮರೋಗದಲ್ಲಿ ಈ ಮೂರು ಕಾರ್ಯಗಳೂ ಕೆಡುವುವು. ಒಂದೊಂದರ ಕೇಡೂ ಶಸ್ತ್ರಚಿಕಿತ್ಸೆಯಿಂದ ಬಳಲಿದ ಹೃದಯಕ್ಕೆ ಒಂದೊಂದು ಬಗೆಯ ಹೊರೆಯನ್ನು ತರುವುದು. ಮೇಲಾಗಿ ರೋಗವನ್ನು ಹತೋಟಿಯಲ್ಲಿಡುವ ಔಷಧಗಳೂ ಗಾಯ ಮಾಯುವುದಕ್ಕೆ ಅಡ್ಡಬರುವುದುಂಟು. ಇವುಗಳನ್ನು ಒಂದೊಂದಾಗಿ ವಿಚಾರಿಸುವುದು ಯುಕ್ತ.

ನಂಜಿನ ಭಯ

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅಲೆಕ್ಸಾಂಡರ್ ಆಗ್ಸ್ಟನ್ ಎಂಬ ಶಸ್ತ್ರವೈದ್ಯನು ೧೮೮೦ರ ಸುಮಾರಿನಲ್ಲಿ ಕೀವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡಿರುವ ಜೀವಿಗಳನ್ನು ಕಂಡನು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿಗೊಂಚಲಿಗೆ ಇರುವ ಹೆಸರಿನಿಂದಲೇ ಅವು ಸ್ಟೆಫಿಲೊಕಾಕಸ್ ಎನಿಸಿಕೊಂಡುವು. ಇವುಗಳಲ್ಲಿ ಆರಿಯಸ್ ಎಂಬ ಜಾತಿಯು ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರ ಮೂಗಿನಲ್ಲಿ ಯಾವ ಕೇಡನ್ನೂ ಮಾಡದೆ ನೆಲಸಿರುವುದು. ಆದರೆ ಇಸಬಿನ ಒಂದು ಪ್ರಭೇದವಾದ ಅಟೋಪಿಕ್ ಡರ್ಮಟೈಟಿಸ್ ಎಂಬ ರೋಗವುಳ್ಳವರ ಚರ್ಮವು ಇದಕ್ಕೆ ಹೊಲವಿದ್ದಂತೆ. ಹಲವು ಪರಿಶೀಲನೆಗಳನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಇಂತಹ ರೋಗಿಗಳಲ್ಲಿ ನೂರಕ್ಕೆ ೭೦ ಮಂದಿಯ ರೋಗಗ್ರಸ್ತ ಚರ್ಮದ ಮೇಲೆ ಈ ಜೀವಿಯು ಕಂಡುಬಂದಿತು. ರೋಗವಿಲ್ಲದ ಭಾಗದಲ್ಲಿಯೂ ನೂರಕ್ಕೆ ೩೯ರಷ್ಟು ಮಂದಿಯಲ್ಲಿ ಇದ್ದಿತು. ತುರಿಕೆಯಿಂದಾಗುವ ಪ್ರತಿಯೊಂದು ಗೀರೂ ಅದಕ್ಕೆ ಒಳದಾರಿ.

ಬೈಪಾಸಿನ ಗಾಯದಲ್ಲಿ ಈ ಜೀವಿಯು ಸೇರಿಕೊಂಡರೆ ಆಗುವ ಅನರ್ಥವು ಸಾಮಾನ್ಯವಾದುದಲ್ಲ. ಮೇಲಿನ ಚರ್ಮಕ್ಕೆ ಮಾತ್ರ ನಂಜೇರಿದರೆ ಔಷಧದಿಂದ ಗುಣವಾಗಬಹುದು. ಅದು ಎದೆಯೆಲುಬಿಗೂ ಅದರ ಹಿಂದಣ ಅವಕಾಶಕ್ಕೂ ಇಳಿದರೆ ಎಲುಬು ಬೆಸೆಯದೆ ಬಿರಿಯುವುದು, ಕೀವು ಹೃದಯದ ನೆರೆಗೇ ಬರುವುದು. ಎದೆಯೆಲುಬನ್ನು ಸೀಳಿದ ರೋಗಿಗಳಲ್ಲಿ ಈ ಆಳವಾದ ನಂಜು ನೂರಕ್ಕೆ ಒಬ್ಬರಿಂದ ಮೂವರಿಗೆ ಮಾತ್ರ ಬರುವುದಾದರೂ, ಬಂದವರಲ್ಲಿ ಮರಣದ ಭಯವು ಹಲವು ಮಡಿ ಹೆಚ್ಚುವುದು. ಮಧುಮೇಹ, ಸ್ಥೂಲಕಾಯ, ಧೂಮಪಾನ ಇವು ಮೊದಲೇ ತಿಳಿದ ಕಾರಣಗಳು. ಎದೆಯ ಒಳಗೋಡೆಯ ಧಮನಿಯನ್ನು ಹೃದಯಕ್ಕೆ ಜೋಡಿಸಿದಾಗ ಎದೆಯೆಲುಬಿಗೆ ದೊರೆಯುವ ರಕ್ತವು ಕಡಮೆಯಾಗುವುದೂ ಒಂದು ಕಾರಣ. ಇವುಗಳೊಡನೆ ಎದೆಯ ಮೇಲೆಯೇ ಸೀಳಿದ, ಸೋರುವ ಚರ್ಮವು ಸೇರಿದರೆ ಅಪಾಯವು ಎಷ್ಟಾಗುವುದೆಂದು ಊಹಿಸಬಹುದು. ಕೃತಕ ಕವಾಟವಿದ್ದಲ್ಲಿ ಇನ್ನೂ ಒಂದು ಭೀತಿಯುಂಟು: ಚರ್ಮದಿಂದ ರಕ್ತಕ್ಕೆ ಹೊಕ್ಕ ಜೀವಿಗಳು ಆ ನಿರ್ಜೀವ ವಸ್ತುವಿನ ಮೇಲೆ ನೆಲೆಯೂರಿದರೆ ಅವನ್ನು ಔಷಧದಿಂದ ಕಿತ್ತೊಗೆಯುವುದು ಬಹು ಕಷ್ಟ, ಅನೇಕ ವೇಳೆ ಕವಾಟವನ್ನೇ ಬದಲಿಸಬೇಕಾಗುವುದು.

ಈ ವಿಷಯದಲ್ಲಿ ಉಪಾಯವಿಲ್ಲದೆ ಇಲ್ಲ. ನೆದರ್ಲೆಂಡ್ಸ್ ದೇಶದ ಐದು ಆಸ್ಪತ್ರೆಗಳಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮೂಗಿನಲ್ಲಿ ಈ ಜೀವಿಯನ್ನು ಹೊತ್ತಿದ್ದ ರೋಗಿಗಳಿಗೆ ಮುಪಿರೋಸಿನ್ ಎಂಬ ಲೇಪವನ್ನು ಮೂಗಿಗೂ ಕ್ಲೋರ್‌ಹೆಕ್ಸಿಡಿನ್ ಎಂಬ ದ್ರಾವಣವನ್ನು ಸ್ನಾನಕ್ಕೂ ಕೊಡಲಾಯಿತು. ಆ ಜೀವಿಯಿಂದಾಗುವ ನಂಜು ನೂರಕ್ಕೆ ೭.೭ರಿಂದ ೩.೪ಕ್ಕೆ ಇಳಿಯಿತು. ಆದರೆ ಬಿರಿದ ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಉರಿಯನ್ನುಂಟುಮಾಡಬಹುದು; ಆದಕಾರಣ ಮೊದಲು ಇಸಬನ್ನು ಶಮನಗೊಳಿಸಿ ಬಳಿಕ ಶುದ್ಧಿಯನ್ನು ಕೈಕೊಳ್ಳುವುದೇ ಲೇಸಾದ ಕ್ರಮ.

ಸೋರಿಯಾಸಿಸ್ ಮತ್ತು ಗಾಯ

ಸೋರಿಯಾಸಿಸ್ ಎಂಬ ರೋಗದಲ್ಲಿ ಹೊರಚರ್ಮದ ಕೋಶಗಳು ಒಂದು ತಿಂಗಳಿಗೆ ಬದಲು ಕೆಲವೇ ದಿನಗಳಲ್ಲಿ ಮೇಲಕ್ಕೆ ಬಂದು, ಬೆಳ್ಳಿಯ ಬಣ್ಣದ ಹೊಟ್ಟು ಕೆಂಪು ದದ್ದುಗಳ ಮೇಲೆ ಪದರುಗಟ್ಟುವುದು. ಇದು ಚರ್ಮದಲ್ಲಿ ತೋರುವ ರೋಗವಾದರೂ ಚರ್ಮದ ಮಟ್ಟಿಗೇ ನಿಲ್ಲುವುದಲ್ಲ. ಬ್ರಿಟನ್ನಿನ ವೈದ್ಯರ ದಾಖಲೆಗಳನ್ನು ಆಧರಿಸಿ ೨೦೦೬ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ತೀವ್ರವಾದ ಸೋರಿಯಾಸಿಸ್ ಇದ್ದ ಮೂವತ್ತು ವರ್ಷ ವಯಸ್ಸಿನವರಿಗೆ ಹೃದಯಾಘಾತವಾಗುವ ಸಂಭವವು ಆ ರೋಗವಿಲ್ಲದ ಸಮವಯಸ್ಕರಿಗಿಂತ ಸುಮಾರು ಮೂರರಷ್ಟೆಂದು ಕಂಡುಬಂದಿತು. ಚರ್ಮವನ್ನು ಕೆಂಪೇರಿಸುವ ಉರಿಯೂತವೇ ಧಮನಿಗಳ ಗೋಡೆಯಲ್ಲಿಯೂ ಒಳಗೊಳಗೆ ಕೆಲಸಮಾಡುವುದೆಂಬುದು ವಿದ್ವಾಂಸರ ಅಭಿಪ್ರಾಯ. ಹೀಗಿರುವುದರಿಂದ ಹೃದಯದ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಈ ರೋಗವುಳ್ಳವರು ಇರುವುದು ಆಕಸ್ಮಿಕವಲ್ಲ.

ಜರ್ಮನ್ ಚರ್ಮವೈದ್ಯನಾದ ಹೈನ್ರಿಖ್ ಕೋಬ್ನರನು ೧೮೭೦ರ ದಶಕದಲ್ಲಿ ಒಂದು ಮುಖ್ಯ ಸಂಗತಿಯನ್ನು ಗುರುತಿಸಿದನು. ಸೋರಿಯಾಸಿಸ್ ಇರುವವರ ನಿರ್ದುಷ್ಟವಾದ ಚರ್ಮಕ್ಕೆ ಪೆಟ್ಟು, ಗೀರು, ಚುಚ್ಚುಗಾಯ ಯಾವುದಾದರೂ ತಗಲಿದರೆ, ಆ ಗಾಯದ ಆಕಾರದಲ್ಲಿಯೇ ಹೊಸ ರೋಗವು ಮೊಳೆಯುವುದು. ಎಲ್ಲ ರೋಗಿಗಳಲ್ಲಿಯೂ ಹೀಗಾಗುವುದಿಲ್ಲ. ಆಗುವವರಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ದಿನಗಳೊಳಗೆ ಇದು ಕಾಣಿಸಿಕೊಳ್ಳುವುದು. ಎದೆಯ ಮೇಲಣ ಉದ್ದನೆಯ ಹೊಲಿಗೆಯೂ ಕಾಲಿನ ಗಾಯವೂ ಕೊಳವೆಗಳ ರಂಧ್ರಗಳೂ ಹೀಗೆ ಹೊಸ ದದ್ದುಗಳ ತಾಣಗಳಾಗಬಹುದು. ರೋಗಿಯು ಮನೆಗೆ ಹೋದ ಮೇಲೆ ಹೊಲಿಗೆಯ ಗುಂಟ ಕೆಂಪು ಗೆರೆಯೆದ್ದರೆ ಅದು ನಂಜೋ ಕೋಬ್ನರನು ಹೇಳಿದ ವಿಕಾರವೋ ಎಂಬುದನ್ನು ವಿವೇಚಿಸಬೇಕಾಗುವುದು. ಹೊಟ್ಟಿನ ಪದರವೂ ಸ್ಪಷ್ಟವಾದ ಅಂಚೂ ಸೋರಿಯಾಸಿಸ್ಸಿನ ಗುರುತು. ಜ್ವರ, ಕೀವು, ಎಲುಬಿನ ಅಲುಗಾಟ ಇವು ನಂಜಿನವು.

ಔಷಧಗಳ ವಿಚಾರವೂ ಇಲ್ಲಿ ತೊಡಕಾದುದೇ. ಹೃದಯದ ಶಸ್ತ್ರಕ್ರಿಯೆಯಾದ ಎರಡು ಮೂರು ದಿನಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬ ರೋಗಿಗೆ ಹೃದಯದ ಬಡಿತವು ತಾಳತಪ್ಪುವುದುಂಟು. ಇದನ್ನು ತಡೆಯಲು ಬೀಟಾ-ಬ್ಲಾಕರ್ ಎಂಬ ವರ್ಗದ ಔಷಧಗಳನ್ನು ಕೊಡುವರು. ೧೯೬೦ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯಿಂದ ಬಳಕೆಗೆ ಬಂದ ಈ ಔಷಧಗಳು ಅಸಂಖ್ಯಾತ ಹೃದ್ರೋಗಿಗಳನ್ನು ಉಳಿಸಿವೆ. ಆದರೆ ಇವು ಕೆಲವರಲ್ಲಿ ಸೋರಿಯಾಸಿಸ್ಸನ್ನು ಕೆರಳಿಸುವುದೂ ಉಂಟು. ಪ್ರಾಣರಕ್ಷಣೆಯ ಔಷಧವನ್ನು ಚರ್ಮದ ಭಯದಿಂದ ಬಿಡುವುದು ತರವಲ್ಲ. ಕೊಟ್ಟ ಮೇಲೆ ಚರ್ಮವನ್ನು ಗಮನಿಸದೆ ಇರುವುದೂ ತರವಲ್ಲ. ಹಾಗೆಯೇ ದೀರ್ಘಕಾಲ ಸ್ಟೀರಾಯ್ಡುಗಳನ್ನು ಸೇವಿಸುತ್ತಿದ್ದ ಸೋರಿಯಾಸಿಸ್ ರೋಗಿಗೆ ಅವನ್ನು ಹಠಾತ್ತಾಗಿ ನಿಲ್ಲಿಸಿದರೆ ಮೈಯೆಲ್ಲ ಕೀವಿನ ಬೊಕ್ಕೆಗಳೇಳುವ ಘೋರರೂಪವು ಪ್ರಕಟವಾಗಬಹುದು.

ಕತ್ತರಿಸಿದಷ್ಟೂ ಬೆಳೆಯುವ ವ್ರಣ

ಈ ಪ್ರಕರಣದಲ್ಲಿ ಅತ್ಯಂತ ಕಠಿನವಾದ ಸಮಸ್ಯೆಯನ್ನು ಒಡ್ಡುವ ರೋಗವು ಪಯೊಡರ್ಮ ಗ್ಯಾಂಗ್ರಿನೋಸಮ್ ಎಂಬುದು. ಅಮೆರಿಕದ ಮೇಯೊ ಚಿಕಿತ್ಸಾಲಯದ ಬ್ರನ್‌ಸ್ಟಿಂಗ್, ಗೆಕರ್ಮನ್, ಓಲಿಯರಿ ಎಂಬ ಮೂವರು ವೈದ್ಯರು ೧೯೩೦ರಲ್ಲಿ ಇದಕ್ಕೆ ಈ ಹೆಸರನ್ನಿಟ್ಟರು. ಅವರು ಕಂಡ ರೋಗಿಗಳಲ್ಲಿ ಹೆಚ್ಚಿನವರು ದೊಡ್ಡ ಕರುಳಿನ ಹುಣ್ಣಿನಿಂದ ನರಳುತ್ತಿದ್ದುದರಿಂದ, ಕರುಳಿನ ನಂಜು ಚರ್ಮಕ್ಕೆ ಹರಡಿ ಹೀಗಾಗುವುದೆಂದು ಅವರು ಭಾವಿಸಿದ್ದರು. ಹೆಸರು ಕೀವನ್ನೂ ಕೊಳೆಯುವಿಕೆಯನ್ನೂ ಸೂಚಿಸುವುದು. ಆದರೆ ಕಾಲಕ್ರಮದಲ್ಲಿ ತಿಳಿದುಬಂದುದೇನೆಂದರೆ, ಇದು ಸೂಕ್ಷ್ಮಜೀವಿಗಳ ನಂಜೂ ಅಲ್ಲ, ರಕ್ತಸಂಚಾರ ನಿಂತು ಆಗುವ ಕೊಳೆಯೂ ಅಲ್ಲ. ದೇಹದ ರಕ್ಷಣೆಗಾಗಿಯೇ ಇರುವ ಬಿಳಿಯ ರಕ್ತಕಣಗಳು ಕಾರಣವಿಲ್ಲದೆ ಚರ್ಮಕ್ಕೆ ಮುತ್ತಿಗೆ ಹಾಕಿ ಅದನ್ನು ಕರಗಿಸುವುದೇ ಇದರ ಸ್ವರೂಪ. ಹೆಸರೇ ದಾರಿತಪ್ಪಿಸುವ ರೋಗಗಳಿಗೆ ಇದು ಒಂದು ಉತ್ತಮ ನಿದರ್ಶನ. ಪದದ ತಪ್ಪು ಚಿಕಿತ್ಸೆಯ ತಪ್ಪಿಗೂ ಎಡೆಗೊಡಬಹುದೆಂಬುದನ್ನು ಭಾಷಾಭ್ಯಾಸಿಗಳು ಇಲ್ಲಿ ಗಮನಿಸಬಹುದು.

ಈ ರೋಗದ ಒಂದು ವಿಶೇಷ ಲಕ್ಷಣವೆಂದರೆ ಗಾಯವಾದ ಕಡೆಯಲ್ಲಿಯೇ ಅದು ಹುಟ್ಟುವುದು. ಶಸ್ತ್ರಕ್ರಿಯೆಯಾಗಿ ಒಂದೆರಡು ವಾರಗಳೊಳಗೆ ಹೊಲಿಗೆಯ ಸುತ್ತ ಕೆಂಪೇರಿ, ಗಾಯವು ಬಿರಿದು, ಹುಣ್ಣು ದಿನದಿನಕ್ಕೆ ಅಗಲವಾಗುವುದು. ಅದರ ಅಂಚು ನೇರಿಳೆಯ ಬಣ್ಣದ್ದಾಗಿ ಒಳಗೆ ಟೊಳ್ಳಾಗಿರುವುದು. ನೋವು ಹುಣ್ಣಿನ ಗಾತ್ರಕ್ಕೆ ಮೀರಿದುದು. ಜ್ವರವೂ ಬರುವುದು, ರಕ್ತದಲ್ಲಿ ಬಿಳಿಯ ಕಣಗಳೂ ಏರುವುವು. ಇವೆಲ್ಲವೂ ಎದೆಯ ಗಾಯದ ನಂಜಿನ ಲಕ್ಷಣಗಳಂತೆಯೇ ಇರುವುದರಿಂದ ಶಸ್ತ್ರವೈದ್ಯನು ಶಾಸ್ತ್ರೋಕ್ತವಾಗಿಯೇ ನಡೆದು, ಜೀವಿನಾಶಕ ಔಷಧಗಳನ್ನು ಕೊಟ್ಟು, ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುವನು. ನಂಜಿದ್ದಲ್ಲಿ ಅದೇ ಸರಿಯಾದ ಚಿಕಿತ್ಸೆ. ಆದರೆ ಈ ರೋಗದಲ್ಲಿ ಕತ್ತರಿಸುವುದೆಂದರೆ ಹೊಸದೊಂದು ಗಾಯವನ್ನು ಮಾಡುವುದು. ಹೊಸ ಗಾಯವೆಂದರೆ ರೋಗಕ್ಕೆ ಹೊಸ ಆಹಾರ. ಕತ್ತರಿಸಿದಷ್ಟೂ ವ್ರಣವು ಹಬ್ಬುವುದು. ಹಬ್ಬಿದಷ್ಟೂ ಮತ್ತೆ ಕತ್ತರಿಸಬೇಕೆಂದು ತೋರುವುದು.

ಈ ಚಕ್ರವನ್ನು ಮುರಿಯುವ ಬಗೆ ಯಾವುದು? ಕೆಲವು ಸುಳಿವುಗಳು ಇವೆ. ಗಾಯದ ದ್ರವವನ್ನು ಮತ್ತೆ ಮತ್ತೆ ಪರೀಕ್ಷಿಸಿದರೂ ಯಾವ ಜೀವಿಯೂ ಬೆಳೆಯದಿರುವುದು ಒಂದು. ಜೀವಿನಾಶಕ ಔಷಧಗಳು ನಿಷ್ಫಲವಾಗುವುದು ಎರಡು. ಎದೆಯಲ್ಲಿಯೂ ಸಿರೆ ತೆಗೆದ ಕಾಲಿನಲ್ಲಿಯೂ ಏಕಕಾಲದಲ್ಲಿ ಒಂದೇ ಬಗೆಯ ಹುಣ್ಣು ಕಾಣಿಸಿಕೊಳ್ಳುವುದು ಮೂರು. ದೂರದೂರವಿರುವ ಎರಡು ಗಾಯಗಳಿಗೆ ಒಂದೇ ಸಮಯದಲ್ಲಿ ಒಂದೇ ರೀತಿಯ ನಂಜು ತಗಲುವುದು ಅಪರೂಪವಷ್ಟೆ. ಕರುಳಿನ ಉರಿಯೂತ, ಕೀಲುಗಳ ವಾತ, ರಕ್ತದ ಕೆಲವು ರೋಗಗಳು ಮೊದಲಿನಿಂದ ಇರುವುದು ನಾಲ್ಕು. ಹುಣ್ಣಿನ ಅಂಚಿನಿಂದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿಯ ಕಣಗಳ ದಟ್ಟಣೆಯು ಕಾಣುವುದು. ಆದರೂ ಇದನ್ನು ಖಚಿತಪಡಿಸುವ ಒಂದೇ ಒಂದು ಪರೀಕ್ಷೆಯೆಂಬುದಿಲ್ಲ. ಉಳಿದುವನ್ನೆಲ್ಲ ಅಲ್ಲಗಳೆದು ಇದನ್ನು ನಿಶ್ಚಯಿಸಬೇಕು.

ನಿಶ್ಚಯಿಸಿದ ಮೇಲಾದರೂ ನಿಶ್ಚಿಂತೆಯಿಲ್ಲ. ಇದರ ಚಿಕಿತ್ಸೆಯು ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡುಗಳಿಂದ ಆಗಬೇಕು. ಸರಿಯಾಗಿ ಗುರುತಿಸಿ ಕೊಟ್ಟಲ್ಲಿ ನೋವು ಕೆಲವೇ ದಿನಗಳಲ್ಲಿ ಇಳಿದು ಹುಣ್ಣಿನ ಹಬ್ಬುವಿಕೆ ನಿಲ್ಲುವುದು. ತಪ್ಪಿ ನಂಜಿರುವಾಗ ಕೊಟ್ಟರೆ ಅದೇ ಔಷಧವು ಮೃತ್ಯುವಿಗೆ ಸಹಾಯಕವಾಗುವುದು. ಕತ್ತರಿಸಿದರೆ ಒಂದು ರೋಗಕ್ಕೆ ಮದ್ದು, ಇನ್ನೊಂದಕ್ಕೆ ವಿಷ. ಸ್ಟೀರಾಯ್ಡ್ ಕೊಟ್ಟರೆ ಇದಕ್ಕೆ ಮದ್ದು, ಅದಕ್ಕೆ ವಿಷ. ಮೇಲ್ನೋಟಕ್ಕೆ ಅವಳಿಗಳಂತಿರುವ ಎರಡು ರೋಗಗಳಿಗೆ ಚಿಕಿತ್ಸೆಯು ಹೀಗೆ ತದ್ವಿರುದ್ಧವಾಗಿರುವುದೇ ಈ ವಿಷಯದ ಗಾಂಭೀರ್ಯ. ಸ್ಟೀರಾಯ್ಡ್ ಸಾಲದೆ ಹೋದಾಗ ಬಳಸುವ ಇನ್‌ಫ್ಲಿಕ್ಸಿಮಾಬ್ ಎಂಬ ಔಷಧವು ಹೃದಯವು ಬಹಳ ದುರ್ಬಲವಾಗಿರುವವರಿಗೆ ನಿಷಿದ್ಧ. ಸೈಕ್ಲೊಸ್ಪೊರಿನ್ ರಕ್ತದ ಒತ್ತಡವನ್ನೇರಿಸಿ ಮೂತ್ರಪಿಂಡಗಳನ್ನು ಬಾಧಿಸುವುದು. ಹೀಗೆ ಚರ್ಮವನ್ನುಳಿಸುವ ಪ್ರತಿಯೊಂದು ಮದ್ದನ್ನೂ ಹೃದಯದ ತಕ್ಕಡಿಯಲ್ಲಿ ತೂಗಿಯೇ ಕೊಡಬೇಕಾಗಿದೆ.

ಮೈಯೆಲ್ಲ ಹಬ್ಬುವ ರೋಗಗಳು

ಸೋರಿಯಾಸಿಸ್, ಇಸಬು, ಕೆಲವು ಔಷಧಗಳ ಒಗ್ಗದಿಕೆ ಇವುಗಳಿಂದ ಮೈಯ ನೂರಕ್ಕೆ ೯೦ ಭಾಗಕ್ಕಿಂತ ಹೆಚ್ಚು ಚರ್ಮವು ಕೆಂಪೇರಿ ಹೊಟ್ಟೇಳುವ ಸ್ಥಿತಿಗೆ ಎರಿತ್ರೊಡರ್ಮ ಎಂದು ಹೆಸರು. ಇಲ್ಲಿ ಚರ್ಮದ ರಕ್ತನಾಳಗಳೆಲ್ಲ ಒಮ್ಮೆಗೇ ಹಿಗ್ಗಿ ನಿಲ್ಲುವುವು. ಅವುಗಳನ್ನು ತುಂಬುವುದಕ್ಕಾಗಿ ಹೃದಯವು ಎಡೆಬಿಡದೆ ಹೆಚ್ಚು ರಕ್ತವನ್ನು ತಳ್ಳಬೇಕಾಗುವುದು. ಆರೋಗ್ಯವಾದ ಹೃದಯವು ಈ ದುಡಿಮೆಯನ್ನು ಕೆಲವು ಕಾಲ ಸಹಿಸಬಹುದು. ಹೊಲಿಗೆಯ ಮೇಲಿರುವ ಹೃದಯವು ಸೋಲುವ ಸಂಭವವೇ ಹೆಚ್ಚು. ಜೊತೆಗೆ ನೀರು ಆವಿಯಾಗಿ ಹೋಗುವುದು, ಶಾಖವು ಸೋರಿ ಮೈ ತಣ್ಣಗಾಗುವುದು, ಉದುರುವ ಹೊಟ್ಟಿನೊಡನೆ ಪ್ರೋಟೀನು ನಷ್ಟವಾಗಿ ಗಾಯಕಟ್ಟುವ ಸಾಮಗ್ರಿಯೇ ಕಡಮೆಯಾಗುವುದು. ನೀರಿನ ನಷ್ಟವನ್ನು ತುಂಬಲು ಹೆಚ್ಚು ದ್ರವವನ್ನು ಕೊಟ್ಟರೆ ಹೃದಯಕ್ಕೆ ಭಾರ. ಕೊಡದಿದ್ದರೆ ರಕ್ತದ ಒತ್ತಡವು ಕುಸಿಯುವುದು. ಆದಕಾರಣ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಚರ್ಮವು ಶಾಂತವಾಗುವವರೆಗೆ ಮುಂದೂಡುವುದೇ ವಿಹಿತ.

ಇದಕ್ಕಿಂತ ಭೀಕರವಾದುದು ಶಸ್ತ್ರಚಿಕಿತ್ಸೆಯ ಬಳಿಕ ಔಷಧಗಳಿಂದಲೇ ಹುಟ್ಟುವ ರೋಗ. ೧೯೨೨ರಲ್ಲಿ ಸ್ಟೀವನ್ಸ್ ಮತ್ತು ಜಾನ್‌ಸನ್ ಎಂಬವರು ವರ್ಣಿಸಿದ, ೧೯೫೬ರಲ್ಲಿ ಅಲನ್ ಲಯೆಲ್ ಎಂಬವನು ಅದರ ಉಗ್ರರೂಪವನ್ನು ನಿರೂಪಿಸಿದ ಈ ರೋಗದಲ್ಲಿ ಹೊರಚರ್ಮವು ಸುಟ್ಟಂತೆ ಸುಲಿದುಬರುವುದು. ಸುಲಿದ ಭಾಗವು ಮೈಯ ನೂರಕ್ಕೆ ೧೦ಕ್ಕಿಂತ ಕಡಮೆಯಿದ್ದರೆ ಮೊದಲಿನವರ ಹೆಸರನ್ನೂ, ೩೦ನ್ನು ಮೀರಿದರೆ ಲಯೆಲನು ಕೊಟ್ಟ ಹೆಸರನ್ನೂ ಬಳಸುವರು. ಉಗ್ರರೂಪದಲ್ಲಿ ಮೂರು ನಾಲ್ಕು ಮಂದಿಗೆ ಒಬ್ಬರಂತೆ ಸಾಯುವರು. ಔಷಧವನ್ನು ಆರಂಭಿಸಿದ ನಾಲ್ಕು ದಿನಗಳಿಂದ ನಾಲ್ಕು ವಾರಗಳೊಳಗೆ ಇದು ತೋರುವುದು ವಾಡಿಕೆ. ಸಲ್ಫಾ ವರ್ಗದ ಔಷಧಗಳು, ಅಪಸ್ಮಾರದ ಕೆಲವು ಔಷಧಗಳು, ಅಲೊಪುರಿನಾಲ್ ಇವು ಪ್ರಸಿದ್ಧವಾದ ಕಾರಣಗಳು. ಹೃದ್ರೋಗಿಯು ಏಕಕಾಲದಲ್ಲಿ ಹತ್ತಾರು ಮದ್ದುಗಳನ್ನು ಸೇವಿಸುತ್ತಿರುವುದರಿಂದ ತಪ್ಪಿತಸ್ಥನನ್ನು ಹುಡುಕುವುದು ಸುಲಭವಲ್ಲ. ಆದರೆ ಅದನ್ನು ಎಷ್ಟು ಬೇಗ ನಿಲ್ಲಿಸಿದರೆ ಬದುಕುವ ಆಸೆಯು ಅಷ್ಟು ಹೆಚ್ಚು.

ಕೃತಕ ಕವಾಟವುಳ್ಳವರಿಗೆ ಬಹುಮಟ್ಟಿಗೆ ಅನಿವಾರ್ಯವಾದ ವಾರ್ಫರಿನ್ ಎಂಬ ಔಷಧವೂ ಅಪರೂಪವಾಗಿ ಚರ್ಮಕ್ಕೆ ಮಾರಕವಾಗುವುದು. ರಕ್ತವು ಹೆಪ್ಪುಗಟ್ಟದಂತೆ ಮಾಡುವ ಇದು, ಆರಂಭದ ಕೆಲವು ದಿನಗಳಲ್ಲಿ ಹೆಪ್ಪುಗಟ್ಟುವಿಕೆಯನ್ನು ತಡೆಯುವ ದೇಹದ ಸಹಜದ್ರವ್ಯವೊಂದನ್ನೇ ಮೊದಲು ಕುಂದಿಸುವುದು. ಅದರಿಂದ ಚರ್ಮದ ಕಿರುನಾಳಗಳು ಮುಚ್ಚಿ, ಕೊಬ್ಬು ಹೆಚ್ಚಿರುವ ಸ್ತನ, ತೊಡೆ, ಪೃಷ್ಠಗಳಲ್ಲಿ ಚರ್ಮವು ಕಪ್ಪಾಗಿ ಸಾಯುವುದು. ಮೊದಲ ದಿನಗಳಲ್ಲಿ ಹೆಪಾರಿನ್ ಎಂಬ ಇನ್ನೊಂದು ಔಷಧವನ್ನು ಜೊತೆಯಲ್ಲಿ ಕೊಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ನವಿರಾದ ಚರ್ಮ

ಪೆಂಫಿಗಸ್ ಎಂಬ ರೋಗದಲ್ಲಿ ದೇಹವು ತನ್ನ ಚರ್ಮದ ಕೋಶಗಳನ್ನು ಬೆಸೆದಿರುವ ಬಂಧಗಳನ್ನು ತಾನೇ ಕಡಿದುಹಾಕುವುದರಿಂದ, ಉಜ್ಜಿದಷ್ಟಕ್ಕೇ ಬೊಕ್ಕೆಗಳೆದ್ದು ಚರ್ಮವು ಕಳಚುವುದು. ಇಂತಹವರಿಗೆ ಶಸ್ತ್ರದ ಗಾಯಕ್ಕಿಂತ ಅಂಟುಪಟ್ಟಿಯ ಗಾಯವೇ ದೊಡ್ಡದಾಗಬಹುದು. ಉಸಿರಿನ ಕೊಳವೆಯನ್ನು ಬಿಗಿಯುವ ಪಟ್ಟಿ, ಹೃದಯದ ಗತಿಯನ್ನು ತೋರಿಸುವ ಬಿಲ್ಲೆಗಳು, ರಕ್ತದ ಒತ್ತಡವನ್ನಳೆಯುವ ಪಟ್ಟೆ ಇವೆಲ್ಲವೂ ಚರ್ಮವನ್ನು ಕಿತ್ತುಕೊಂಡು ಬರುವುವು. ಅಂಟಿಲ್ಲದ ಮೆತ್ತನೆಯ ಬಟ್ಟೆಗಳನ್ನು ಸುತ್ತಿ, ಸಿಲಿಕೋನಿನ ಪಟ್ಟಿಗಳನ್ನು ಬಳಸಿ ಈ ಕಷ್ಟವನ್ನು ಕಡಮೆಮಾಡುವ ಉಪಾಯಗಳುಂಟು. ದೀರ್ಘಕಾಲದ ಸ್ಟೀರಾಯ್ಡ್ ಸೇವನೆಯಿಂದ ಇವರ ಚರ್ಮವು ತೆಳುವಾಗಿಯೂ ಎಲುಬು ದುರ್ಬಲವಾಗಿಯೂ ಇರುವುದರಿಂದ ಎದೆಯೆಲುಬಿನ ತಂತಿಗಳು ಅದನ್ನು ಕೊಯ್ದುಬಿಡುವ ಭಯವೂ ಇದೆ. ಅಂತಹವರ ಮೂತ್ರಪಿಂಡಗಳ ನೆತ್ತಿಯ ಗ್ರಂಥಿಗಳು ಜಡವಾಗಿರುವ ಸಂಭವವಿರುವುದರಿಂದ, ಶಸ್ತ್ರಕ್ರಿಯೆಯ ಸಮಯದಲ್ಲಿ ಸ್ಟೀರಾಯ್ಡನ್ನು ನಿಲ್ಲಿಸುವುದಂತು ಪ್ರಾಣಾಪಾಯಕರ.

ಅಲ್ಪರೋಗದ ದೊಡ್ಡ ಫಲ

ಚರ್ಮರೋಗವು ತೀವ್ರವಾಗಿದ್ದರೆ ಮಾತ್ರ ಲಕ್ಷಿಸಬೇಕೆಂಬುದೂ ಸರಿಯಲ್ಲ. ಬ್ಯಾಡೂರ್ ಮತ್ತು ಬಿಸ್ನೊ ಎಂಬ ಅಮೆರಿಕದ ವೈದ್ಯರು ೧೯೮೨ರಲ್ಲಿ ಒಂದು ಕುತೂಹಲಕರವಾದ ಸಂಗತಿಯನ್ನು ವರದಿಮಾಡಿದರು. ಬೈಪಾಸಿಗಾಗಿ ಕಾಲಿನ ಸಿರೆಯನ್ನು ತೆಗೆಸಿಕೊಂಡ ಕೆಲವರಲ್ಲಿ, ಶಸ್ತ್ರಕ್ರಿಯೆಯಾಗಿ ಬಹುಕಾಲ ಕಳೆದ ಬಳಿಕವೂ, ಅದೇ ಕಾಲು ಮತ್ತೆ ಮತ್ತೆ ಕೆಂಪಾಗಿ ಊದಿಕೊಂಡು ಚಳಿಜ್ವರದೊಡನೆ ನಂಜೇರುತ್ತಿತ್ತು. ಕಾರಣವನ್ನು ಹುಡುಕಿದಾಗ ಕಾಲ್ಬೆರಳುಗಳ ಸಂದಿನಲ್ಲಿ ಬೂಷ್ಟಿನಿಂದಾದ, ರೋಗಿಯೇ ಗಣಿಸದಿದ್ದ ಬಿರುಕುಗಳು ಕಂಡುಬಂದುವು. ಸಿರೆ ತೆಗೆದ ಕಾಲಿನಲ್ಲಿ ದ್ರವದ ಸಂಚಾರವು ಮಂದವಾಗಿರುವುದರಿಂದ, ಆ ಬಿರುಕಿನ ಮೂಲಕ ಹೊಕ್ಕ ಜೀವಿಗಳಿಗೆ ಅಲ್ಲಿ ಬೇರೂರುವುದು ಸುಲಭವಾಗಿತ್ತು. ಬೂಷ್ಟಿಗೆ ಮದ್ದು ಹಚ್ಚಿ ಬೆರಳ ಸಂದುಗಳನ್ನು ಗುಣಪಡಿಸುವುದೇ ಈ ಮರುಕಳಿಕೆಯನ್ನು ತಡೆಯುವ ಮಾರ್ಗವೆಂದು ತಿಳಿದುಬಂದಿತು. ಗದ್ದೆಯ ಕೆಸರಿನಲ್ಲಿ ದಿನವೆಲ್ಲ ನಿಂತು ದುಡಿಯುವವರಿರುವ ನಮ್ಮ ನಾಡಿನಲ್ಲಿ ಈ ಅನುಭವವು ವಿಶೇಷವಾಗಿ ನೆನಪಿಡತಕ್ಕದ್ದು.

ಸಮಾರೋಪ

ಮೇಲೆ ಹೇಳಿದ ವಿಷಯಗಳಿಂದ ಒಂದೆರಡು ತಾತ್ಪರ್ಯಗಳು ಹೊರಡುವುವು. ಮೊದಲನೆಯದಾಗಿ, ಶಸ್ತ್ರಕ್ರಿಯೆಗೆ ಮುನ್ನ ಹೃದಯವನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಮೈಯ ಚರ್ಮವನ್ನೆಲ್ಲ ತಲೆಯಿಂದ ಕಾಲ್ಬೆರಳಿನವರೆಗೆ ನೋಡಬೇಕು. ಹಿಂದೆ ಯಾವುದಾದರೂ ಗಾಯವು ವಿಚಿತ್ರವಾಗಿ ಹಬ್ಬಿದ್ದುಂಟೇ, ಯಾವ ಔಷಧವಾದರೂ ಮೈಗೆ ಒಗ್ಗದೆ ಹೋದದ್ದುಂಟೇ ಎಂದು ಕೇಳಬೇಕು. ಎರಡನೆಯದಾಗಿ, ಕಾಲಾವಕಾಶವಿದ್ದಲ್ಲಿ ಚರ್ಮವನ್ನು ಮೊದಲು ಶಾಂತಗೊಳಿಸಬೇಕು. ಹೃದಯವು ಕಾಯುವಂತಿಲ್ಲದಿದ್ದರೆ, ಇಂತಹ ರೋಗಿಗೆ ಇಂತಹ ತೊಡಕು ಬರಬಹುದೆಂಬುದನ್ನು ಮೊದಲೇ ಬರೆದಿಟ್ಟು, ಚರ್ಮವೈದ್ಯನನ್ನು ಆರಂಭದಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕು. ಮೂರನೆಯದಾಗಿ, ಗಾಯವು ನಿರೀಕ್ಷಿಸಿದಂತೆ ಮಾಯದೆ ಹೋದಾಗ, ಅದೇ ಚಿಕಿತ್ಸೆಯನ್ನು ಇನ್ನಷ್ಟು ಬಿರುಸಾಗಿ ಮಾಡುವ ಮೊದಲು ರೋಗದ ಹೆಸರೇ ತಪ್ಪಾಗಿರಬಹುದೇ ಎಂದು ನಿಂತು ಯೋಚಿಸಬೇಕು.

ಚರ್ಮರೋಗವುಳ್ಳವರು ನಮ್ಮ ಸಮಾಜದಲ್ಲಿ ಬಹುಕಾಲದಿಂದ ನಾಚಿಕೆಯ ಹೊರೆಯನ್ನು ಹೊತ್ತು, ಅಂಗಿಯ ತೋಳಿನಲ್ಲಿಯೂ ಸೆರಗಿನ ಮರೆಯಲ್ಲಿಯೂ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತ ಬಂದಿರುವರು. ಎದೆನೋವೆಂದು ವೈದ್ಯನ ಬಳಿಗೆ ಬಂದವನು ಬೆನ್ನಿನ ದದ್ದನ್ನು ಹೇಳುವುದಿಲ್ಲ; ಅದು ಹೃದಯಕ್ಕೆ ಸಂಬಂಧಿಸಿದುದಲ್ಲವೆಂದು ಆತನ ಭಾವನೆ. ಆ ಭಾವನೆಯು ಎಷ್ಟು ಅಪಾಯಕರವಾದುದೆಂಬುದು ಇಷ್ಟರಿಂದ ಸ್ಪಷ್ಟವಾಗುವುದು. ದೇಹವನ್ನು ಅಂಗಾಂಗಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಬ್ಬೊಬ್ಬ ವೈದ್ಯನನ್ನು ಗೊತ್ತುಮಾಡಿರುವುದು ವಿದ್ಯೆಯ ಅನುಕೂಲಕ್ಕಾಗಿ ಆದ ಏರ್ಪಾಡು. ರೋಗಿಯ ದೇಹವಾದರೋ ಆ ವಿಂಗಡಣೆಯನ್ನು ಅರಿಯದು.